ದೇವರ ಜಗಲಿಯ ಮೇಲಿನ ಪಂಪು

ವಾದದಲ್ಲಿ ಸೋಲಲು ಎದುರಾಳಿಯೇ ಬೇಕೆಂದಿಲ್ಲ, ತೊಗರಿ ಹೊಟ್ಟಿನ ಧೂಳು ಸಾಕು. ಜಹೀರಾಬಾದಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ನಡೆದಾಗೆಲ್ಲ ಗೆದ್ದ ಕಪ್ ಹಿಡಿದು ಬರುವ ನನಗೆ ಚಿಕ್ಕಂದಿನಿಂದ ಉಬ್ಬಸ. ಅಲ್ಲಿಯ ಡಾಕ್ಟರು ಬಾಯಿಗಿಟ್ಟು ಒತ್ತಿಕೊಳ್ಳುವ ಎರಡು ಪಂಪು ಕೊಟ್ಟಿದ್ದರು. ಒಂದು ನನ್ನ ಕಿಸೆಯಲ್ಲಿತ್ತು. ಇನ್ನೊಂದನ್ನು ಅವ್ವ ನಾರಾಯಣಖೇಡದ ನಮ್ಮ ಮನೆಯ ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕ ಇಟ್ಟಳು. ಸ್ನಾನವಾಗದೆ ಜಗಲಿ ಮುಟ್ಟುವಂತಿಲ್ಲ. ಉಬ್ಬಸ ಸ್ನಾನಕ್ಕೆ ಕಾಯುತ್ತದೆಯೇ ಎಂದು ನಾನು ಅರ್ಧ ಗಂಟೆ ವಾದಿಸಿದೆ. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು.

ಕಿಸೆಯ ಪಂಪಿಗೆ ಬೇರೆ ಕೆಲಸವಿತ್ತು. ಅದನ್ನು ಹಿಡಿದರೆ ಚಟ ಹತ್ತುತ್ತದೆ ಎಂದು ಓಣಿಯ ಹಿರಿಯರೆಲ್ಲ ಹೇಳುತ್ತಿದ್ದರು. ನಾನು ಪ್ರತ್ಯಕ್ಷ ಪ್ರಮಾಣ ನಂಬುವವ. ಕ್ಷೌರದ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಗಾಳಿಗೆ ಒಂದೊಂದು ಸಲ ಒತ್ತಿ, ಇದರಲ್ಲಿ ಹೊಗೆಯೆಲ್ಲಿ, ನಶೆಯೆಲ್ಲಿ ಎಂದು ಕೇಳುತ್ತಿದ್ದೆ.

ಆ ದಿನ ಅಂಗಳದಲ್ಲಿ ಅವ್ವ ತೊಗರಿ ಕೇರುತ್ತಿದ್ದಳು. ನಾನು ಪಕ್ಕದ ಮನೆಯ ಶರಣಪ್ಪ ಕಾಕಾಗೆ ಮೂರು ಸಲ ಒತ್ತಿ ತೋರಿಸಿ, ಅವರ ವಾದದ ಎರಡನೇ ತಪ್ಪನ್ನು ಎತ್ತಿ ಹೇಳುತ್ತಿದ್ದೆ. ಮಾತು ನಡುವೆಯೇ ನಿಂತಿತು. ಎದೆಯಲ್ಲಿ ಶಿಳ್ಳೆ ಎದ್ದಿತು. ಪಂಪು ಬಾಯಿಗಿಟ್ಟು ಒತ್ತಿದೆ. ಅಲ್ಲಾಡಿಸಿ ಮತ್ತೆ ಒತ್ತಿದೆ. ಖಾಲಿ. ಕೊನೆಯ ಔಷಧವೂ ಪ್ರಮಾಣಕ್ಕೆ ಹೋಗಿತ್ತು.

ಕಂಬ ಹಿಡಿದು ಕುಸಿದೆ. ಎಳೆದಷ್ಟೂ ಗಾಳಿ ಗಂಟಲಲ್ಲೇ ನಿಲ್ಲುತ್ತಿತ್ತು. ಕಾಕಾ ಬೆನ್ನು ಸವರಿದರು. ಜಗಲಿಯತ್ತ ಬೆರಳು ತೋರಿಸಿದೆ. ಅವ್ವನಿಗೆ ಸ್ನಾನವಾಗಿರಲಿಲ್ಲ, ತಲೆತುಂಬ ಹೊಟ್ಟು. ಮೊರ ಎಸೆದವಳು ಧೂಳುಗಾಲಲ್ಲೇ ಒಳಗೆ ಹೋಗಿ ಬಂದಳು.

“ಬಾಯಿ ತೆರಿ. ಮಾತಾಡಬ್ಯಾಡ. ಹತ್ತು ಎಣಸೋತನಕ ಉಸಿರು ಹಿಡಿ.”

ಅವಳು ಎಣಿಸಿದಳು. ನಾನು ನಾಲ್ಕಕ್ಕೇ ಕೆಮ್ಮಿದೆ. ಎರಡನೇ ಸಲ ಏಳರವರೆಗೆ ಹಿಡಿದೆ. ಎಷ್ಟೋ ಹೊತ್ತಿಗೆ ಎದೆಯ ಬಿಗಿ ಸಡಿಲಾಯಿತು.

ಉಸಿರು ಬಂದದ್ದೇ ತಡ, ಬುದ್ಧಿಯೂ ಬಂತು. “ಅವ್ವಾ, ಈಗ ಜಗಲಿ ಮೈಲಿಗಿ ಆಗ್ಲಿಲ್ಲೇನು?”

“ದೇವ್ರಿಗಿ ನಾ ಹೇಳ್ಕೋತೀನಿ. ನೀ ಸುಮ್ನ ಕೂಡು.”

“ಪಂಪಿನ ಚಟ ಇಲ್ಲ, ಖರೆ,” ಎಂದರು ಕಾಕಾ. “ಮಾತಿಂದು ಅದ.”

ಖಾಲಿಯಾದದ್ದರ ಬದಲು ಹೊಸದು ಬಂದಿದೆ; ಈಗ ನನ್ನ ಎರಡೂ ಪಂಪು ಜಗಲಿಯ ಮೇಲಿವೆ. ತಂಪು ಜಾಗ, ಪ್ರದರ್ಶನಕ್ಕೆ ಕೈಗೆ ಸಿಗುವುದಿಲ್ಲ; ಕಾರಣಗಳು ನನ್ನಲ್ಲಿ ಸಿದ್ಧ. ಆದರೆ ಜಹೀರಾಬಾದಿಗೆ ಹೊರಟಾಗ ಒಂದನ್ನು ಕಿಸೆಗೆ ಹಾಕಿಕೊಳ್ಳುವ ಮೊದಲು ಸ್ನಾನ ಯಾಕೆ ಮಾಡುತ್ತೇನೆಂದು ಯಾರಾದರೂ ಕೇಳಿದರೆ, ಹತ್ತು ಎಣಿಸುವವರೆಗೆ ಉಸಿರು ಹಿಡಿದುಕೊಳ್ಳುತ್ತೇನೆ.