ರಂಗೋಲಿ ನುಂಗಿದ ಹಸಿರು

ಸುಮ್ಮನೆ ಕೂರುವುದೂ ಒಂದು ವಿದ್ಯೆ. ಅದು ನನಗೆ ಒಲಿದಿಲ್ಲ. ಕಾಫಿ ಕುಡಿಯುವಾಗಲೂ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬಾಚಣಿಗೆ. "ನಿನ್ನ ಕಾಲಿಗೆ ಚಕ್ರ ಕಟ್ಟಿದ್ದಾರೆ" ಎನ್ನುತ್ತಾರೆ ನಮ್ಮ ಯಜಮಾನರು, ಕೂತಲ್ಲಿಂದಲೇ. ಕೊಳ್ಳೇಗಾಲದಿಂದ ಯಳಂದೂರಿನ ಶಾಲೆಗೆ ಪಾಠ ಮಾಡಲು ಬೆಳಗಿನ ಬಸ್ಸು ಹಿಡಿಯಬೇಕು. ಅಷ್ಟರಲ್ಲಿ ತಿಂಡಿ, ಡಬ್ಬಿ, ಜಡೆ, ಇವೆಲ್ಲಕ್ಕಿಂತ ಮೊದಲು ಅಂಗಳ. ಕಸ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಬಿಡುವ ಕೆಲಸ ಮೊದಲು ಅತ್ತೆಯದಾಗಿತ್ತು. ಅವರ ಮಂಡಿ ಬಗ್ಗದಂತಾದ ಮೇಲೆ ಪೊರಕೆ ನನ್ನ ಕೈಗೆ ಬಂತು. ಪಕ್ಕದ ಮನೆಯ ಹೊಂಗೆ ಮರ ಎಲೆ ಉದುರಿಸುವುದೂ ನಮ್ಮ ಅಂಗಳಕ್ಕೇ. ಹೀಗಾಗಿ ನನ್ನಿಂದ ಏನನ್ನೂ ಕೇಳದ ವಸ್ತು ಪ್ರಪಂಚದಲ್ಲಿ ಒಂದಾದರೂ ಇರಲಿ ಎಂದು ನನಗೆ ಬಹಳ ಆಸೆಯಾಗಿತ್ತು.

ಅದು ನರ್ಸರಿಯಲ್ಲಿ ಸಿಕ್ಕಿತು. ನೆಲಕ್ಕೆ ಅಂಟಿಕೊಂಡೇ ಹಬ್ಬುವ, ಹಳದಿ ಹೂ ಬಿಡುವ, ವರ್ಷವಿಡೀ ಹಸಿರಾಗಿರುವ ಗಿಡ. ಉದುರಿದ ಎಲೆಯೆಲ್ಲ ಅದರ ಸಂದಿಯಲ್ಲಿ ಅಡಗಿಹೋಗುತ್ತದೆ, ಗುಡಿಸುವ ಗೊಡವೆಯೇ ಇಲ್ಲ. "ಇದಕ್ಕೆ ಗ್ರೌಂಡ್ ಕವರ್ ಅಂತಾರೆ ಮೇಡಂ. ನೆಟ್ಬುಟ್ಟು ಮರ್ತ್ಬುಡಿ" ಎಂದ ನರ್ಸರಿಯವನು. ನೆಟ್ಟೆ. ಮರೆಯುವುದು ಮಾತ್ರ ನನ್ನ ಕೈಲಾಗಲಿಲ್ಲ. ಬೇರು ಬಿಟ್ಟಿದೆಯೇ ಎಂದು ದಿನಾ ಒಂದೊಂದು ಬಳ್ಳಿಯನ್ನೂ ಎಳೆದು ನೋಡುತ್ತಿದ್ದೆ. ನನ್ನ ಉಪಚಾರವನ್ನೂ ತಡೆದುಕೊಂಡು ಅದು ಹಬ್ಬಿತು. ಮಳೆಗಾಲ ಮುಗಿಯುವಷ್ಟರಲ್ಲಿ ಗೇಟಿನಿಂದ ಹೊಸ್ತಿಲವರೆಗೆ ಹಸಿರೋ ಹಸಿರು, ರಂಗೋಲಿಗೆ ಅಂಗೈಯಗಲ ಜಾಗವಿಲ್ಲ. ಪೊರಕೆಯನ್ನು ಹಿತ್ತಲಿಗೆ ಕಳಿಸಿದೆ.

ಅತ್ತೆಗೆ ಸಮಾಧಾನವಿಲ್ಲ. ಅವರು ಹೂಗ್ಯಂ ಕಡೆಯವರು, ಕಾಡಿನ ಅಂಚಿನಲ್ಲಿ ಬೆಳೆದವರು. ಅಲ್ಲಿ ಅಂಗಳವೆಂದರೆ ಹುಲ್ಲುಕಡ್ಡಿಯೂ ಇರದಂತೆ ಬೋಳಾಗಿರಬೇಕು, ಹಾವು ಬಂದರೆ ಬಾಲದವರೆಗೂ ಕಾಣಬೇಕು. "ಬಾಕ್ಲಲ್ಲಿ ಸೊಪ್ಪು ಬೆಳ್ದದೆ ಅಂದ್ರೆ ಮನೇಲಿ ಹೆಣ್ ದಿಕ್ಕಿಲ್ಲ ಅಂತ ಕಣವ್ವ. ಓಗ್ಲಿ, ಸಾರಿಗಾದ್ರೂ ಆದದಾ?" ಎಂದು ಕೇಳಿದರು. ಆಗುವುದಿಲ್ಲ ಎಂದೆ. ಸಾರಿಗೂ ಆಗದ ಸೊಪ್ಪಿಗೆ ದುಡ್ಡು ಕೊಟ್ಟು ಬಂದ ಸೊಸೆಯನ್ನು ಅವರು ಬಹಳ ಹೊತ್ತು ನೋಡಿದರು.

ಒಂದು ಭಾನುವಾರ ಬೆಳಿಗ್ಗೆ ಅತ್ತೆಯ ತಂಗಿ, ಹನೂರಿನ ಚಿಕ್ಕತ್ತೆ, ಬಟ್ಟೆ ಕೊಳ್ಳಲು ಕೊಳ್ಳೇಗಾಲಕ್ಕೆ ಬಂದವರು ಹಾಗೇ ನಮ್ಮ ಬೀದಿಗೆ ತಿರುಗಿದರು. ಗೇಟಿನ ಬಳಿ ಬಂದು ನೋಡುತ್ತಾರೆ, ಗುಡಿಸಿಲ್ಲ, ನೀರು ಹಾಕಿಲ್ಲ, ರಂಗೋಲಿಯಿಲ್ಲ. ನಮ್ಮ ಕಡೆ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಬಿಡದಿರುವುದು ಸಾವಾದ ಮನೆಯಲ್ಲಿ. ನಮ್ಮ ಮನೆಯಲ್ಲಿ ವಯಸ್ಸಾದವರೆಂದರೆ ಅತ್ತೆಯೊಬ್ಬರೇ. ಚಿಕ್ಕತ್ತೆ ಚೀಲವನ್ನು ಅಲ್ಲೇ ಬಿಟ್ಟು, ಗೇಟು ಹಿಡಿದು ಕುಸಿದರು. "ಅಕ್ಕಾ, ಓಗ್ಬುಟ್ಯಾ... ಯಾರೂ ನಂಗೊಂದ್ ಮಾತು ಏಳ್ನಿಲ್ವಲ್ಲ... ಒಂದ್ ರೊಟ್ಟೀಲಿ ನಂಗೇ ದೊಡ್ ಚೂರು ಕೊಡ್ತಿದ್ದಲ್ಲ ಅಕ್ಕ..." ನಾನು ಓಡಿದೆ. ಬಾಗಿಲ ಮರೆಯಲ್ಲಿದ್ದ ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು. "ತಡಿ, ಇನ್ನೂ ಏಳ್ತಾವ್ಳೆ" ಎಂದರು. ಹೊಗಳಿಕೆಯೆಲ್ಲ ಮುಗಿದ ಮೇಲೇ ಅವರು ಹೊರಗೆ ಹೋದದ್ದು.

ಆಮೇಲೆ ಅಕ್ಕತಂಗಿಯರು ಅತ್ತರು, ನಕ್ಕರು, ಮಧ್ಯಾಹ್ನ ಉಪ್ಸಾರು ಮುದ್ದೆ ಉಂಡರು. ಬೀದಿಯವರೆಲ್ಲ ಬಂದು ಅತ್ತೆ ಬದುಕಿರುವುದನ್ನು ನೋಡಿಕೊಂಡು ಹೋದರು. ಸಂಜೆ ಚಿಕ್ಕತ್ತೆಯನ್ನು ಬಸ್ಸಿಗೆ ಹತ್ತಿಸಿ ನಗುತ್ತಲೇ ವಾಪಸು ಬಂದರೆ, ಅತ್ತೆ ಹೊಸ್ತಿಲ ಬಳಿ ನಿಂತು ಗಿಡವನ್ನು ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ದಿನಾ ಇಂಗೇ ಇದ್ರೆ, ನಾನು ನಿಜವಾಗ್ಲೂ ಓಗ್ಬುಟ್ಟ್ ದಿನ ಬೀದಿಗೆ ಎಂಗವ್ವ ಗೊತ್ತಾದದು?" ಎಂದರು.

ಮಾರನೆಯ ಬೆಳಿಗ್ಗೆ ಹೊಸ್ತಿಲ ಮುಂದಿನ ಬಳ್ಳಿಯನ್ನೆಲ್ಲ ಕಿತ್ತು, ಮೊರದಗಲ ನೆಲ ಬಿಡಿಸಿ, ರಂಗೋಲಿ ಬಿಟ್ಟೆ. ಆ ಗಿಡವೋ, ಕಿತ್ತಷ್ಟೂ ಬರುತ್ತದೆ. ಈಗ ಗುಡಿಸುವುದರ ಜೊತೆಗೆ ಕೀಳುವುದೂ ಸೇರಿದೆ.

ಕೆಲಸ ಹೆಚ್ಚಿದ್ದಕ್ಕೆ ಬೇಸರವಿಲ್ಲ, ನನ್ನ ತೊಂದರೆಯೇ ಬೇರೆ. ಬಸ್ಸು ಹತ್ತಿ ಊರು ದಾಟುವಷ್ಟರಲ್ಲಿ ಚಡಪಡಿಕೆ ಶುರುವಾಗುತ್ತದೆ. ಇವತ್ತು ರಂಗೋಲಿ ಬಿಟ್ಟೆನೋ ಇಲ್ಲವೋ? ಬಿಟ್ಟ ನೆನಪು ಇವತ್ತಿನದೋ ನಿನ್ನೆಯದೋ? ಪಕ್ಕದ ಸೀಟಿನವರಿಗೆ ಕೇಳಿಸದಂತೆ ಮನೆಗೆ ಫೋನು ಮಾಡುತ್ತೇನೆ. ಅತ್ತೆ ಈಗ ಹಲೋ ಎನ್ನುವುದನ್ನೂ ಬಿಟ್ಟಿದ್ದಾರೆ. "ಬುಟ್ಟಿದ್ದೀಯೆ ಕಣವ್ವ. ನಾನೂ ಬದ್ಕಿವ್ನಿ. ನೀನು ಪಾಠ ಮಾಡೋಗು" ಎಂದು ಫೋನು ಇಟ್ಟುಬಿಡುತ್ತಾರೆ.