ಇಪ್ಪತ್ತಮೂರನೆಯ ಆರೋಹಣ

ಪೀಕೊ ದ್ವೀಪದ ಮದಲೇನಾ ಊರಿನ ಹಡಗುಕಟ್ಟೆಯಲ್ಲಿ ಟಿಕೆಟ್ ಕೊಡುವ ಬೆಲ್ಮಿರೊ, ದ್ವೀಪದ ನಡುವೆ ನಿಂತಿರುವ ಜ್ವಾಲಾಮುಖಿ ಬೆಟ್ಟವನ್ನು ಇಪ್ಪತ್ತೆರಡು ಸಲ ಹತ್ತಿದ್ದ. ಇಪ್ಪತ್ತೆರಡು ಸಲವೂ ಬಾಯಲ್ಲೇ.

ಮೊದಲ ಸಲ ಹತ್ತಿದ್ದು ಜುಲ್ಮಿರಾಳನ್ನು ಮದುವೆಗೆ ಒಪ್ಪಿಸುವಾಗ. (ಪ್ರೀತಿಸಿದವನು ಬೆಟ್ಟ ಹತ್ತಲೇಬೇಕೆಂಬ ನಿಯಮವೇನೂ ಇರಲಿಲ್ಲ, ಆದರೆ ಅವಳ ಹಿಂದೆ ಬಿದ್ದಿದ್ದ ಇನ್ನೊಬ್ಬ ಹತ್ತಿದ್ದ.) ಉಳಿದವು ವರುಷಕ್ಕೋ ಎರಡು ವರುಷಕ್ಕೋ ಒಂದರಂತೆ ತಾವಾಗಿ ಸೇರಿಕೊಂಡವು. ಬೆಟ್ಟ ಇಳಿದು ಕುಂಟುತ್ತ ಬರುವ ಪ್ರವಾಸಿಗಳು ಟಿಕೆಟ್ ಕಿಟಕಿಯ ಮುಂದೆ ಹೇಳಿಕೊಂಡಿದ್ದನ್ನೆಲ್ಲ ಬೆಲ್ಮಿರೊ ಕಿವಿಗೊಟ್ಟು ಕೇಳುತ್ತಿದ್ದ. ದಾರಿ ತೋರುವ ಎಷ್ಟನೆಯ ಕಂಬದ ಹತ್ತಿರ ಕಲ್ಲು ಜಾರುತ್ತದೆ, ಎಲ್ಲಿ ಗಾಳಿ ಟೋಪಿ ಕಸಿಯುತ್ತದೆ ಎಂಬುದು ಅವನಿಗೆ ಬಾಯಿಪಾಠ. ಜುಲ್ಮಿರಾ ಪ್ರತಿ ಬೇಸಿಗೆಯಲ್ಲೂ "ನನ್ನೂ ಒಂದ್ಸಲ ಕರ್ಕೊಂಡು ಹೋಗ್ರೀ" ಎನ್ನುವಳು. "ನಿನ್ನ ಕೈಲಾಗಲ್ಲ ಕಣೇ. ಅದು ಬೆಟ್ಟ, ಮೀನು ಮಾರ್ಕೆಟ್ಟಲ್ಲ" ಎಂದು ಇವನು ಅವಳ ಬಾಯಿ ಮುಚ್ಚಿಸುವನು.

ಹೀಗೆ ಸುಖವಾಗಿದ್ದವನಿಗೆ ಅಳಿಯನಾಗಲಿರುವವನ ಫೋನು ಬಂತು. ಲಿಸ್ಬನ್ನಿನ ಹಲ್ಲಿನ ಡಾಕ್ಟರು, ಮಗಳು ಲೀಜಿಯಾ ತಾನೇ ಮೆಚ್ಚಿದ ಹುಡುಗ. ಹೆಸರು ದುವಾರ್ತೆ. ಬೆಲ್ಮಿರೊನ ಪಾಲಿಗೆ ಅಂದು ಅದು ದುರ್ವಾರ್ತೆಯಾಯಿತು.

"ಮಾವ, ಈ ವಾರ ಬರ್ತಿದ್ದೀನಿ. ಶನಿವಾರ ನಿಮ್ಮ ಜೊತೆ ಬೆಟ್ಟ ಹತ್ಬೇಕು. ಬೆಳಿಗ್ಗೆ ಹೋಗಿ ಸಾಯಂಕಾಲಕ್ಕೆ ಬಂದ್ಬಿಡೋಣ."

"ಅದಕ್ಕೇನಂತೆ, ಧಾರಾಳವಾಗಿ" ಎಂದಿತು ಬೆಲ್ಮಿರೊನ ಬಾಯಿ. ಮೊಣಕಾಲುಗಳನ್ನು ಅದು ಕೇಳಲೇ ಇಲ್ಲ.

ಫೋನಿಟ್ಟವನೇ ಅವನು ಊಟದ ಮೇಜಿನ ಮೇಲೆ ಪರ್ವತಾರೋಹಣ ಮಹಾಯೋಜನೆಯನ್ನು ಶುರುಮಾಡಿದ. ಪಟ್ಟಿ ಸಾಕಷ್ಟು ಉದ್ದವಾದರೆ ಶನಿವಾರ ಸಾಲದೆ ಹೋದೀತು, ಹೊರಡುವುದೇ ತಪ್ಪೀತು ಎಂಬುದು ಅವನ ಲೆಕ್ಕ. ಮೂವತ್ತು ಮೀಟರ್ ಹಗ್ಗ, ಎರಡು ಸೀಟಿ, ದಿಕ್ಸೂಚಿ, ಛತ್ರಿ, ಕಾಲಿಗೆ ಹಚ್ಚುವ ಮುಲಾಮು, ಬೇಯಿಸಿದ ಮೊಟ್ಟೆ ಹನ್ನೊಂದು.

ಜುಲ್ಮಿರಾ ಪಟ್ಟಿ ಓದಿದಳು. "ಬೆಟ್ಟಕ್ಕೆ ಹೋಗ್ತಿದ್ದೀರೋ, ಬ್ರೆಜಿಲ್‌ಗೆ ವಲಸೆ ಹೋಗ್ತಿದ್ದೀರೋ?"

"ಅನುಭವ ಇಲ್ದೋರ ಮಾತು ಇದು."

"ಇಪ್ಪತ್ತೆರಡು ಸಲವೂ ಹಗ್ಗ ಹೊತ್ಕೊಂಡೇ ಹೋಗಿದ್ರಾ? ನಮ್ಮನೇಲಿರೋದು ಬಟ್ಟೆ ಒಣಗಿಸೋ ಹಗ್ಗ ಒಂದೇ. ಅದೂ ನಾನು ಬಂದಾಗಿನಿಂದ ಕಂಬ ಬಿಟ್ಟು ಕದ್ಲಿಲ್ಲ."

"ಆಗ ನಂಗಿನ್ನೂ ವಯಸ್ಸಿತ್ತು!"

"ಹೋದ ವರ್ಷಾನೂ ಹತ್ತಿದೆ ಅಂದ್ರಲ್ಲ?"

ಬೆಲ್ಮಿರೊ ಮೊಟ್ಟೆಯ ಸಂಖ್ಯೆಯನ್ನು ಹನ್ನೆರಡಕ್ಕೇರಿಸಿ ಚರ್ಚೆಯನ್ನು ಮುಗಿಸಿದ.

ಉಳಿದ ಒಂದೇ ಆಸೆ ಮೋಡದ್ದು. ಶುಕ್ರವಾರ ದುವಾರ್ತೆ ಬಂದಿಳಿದಾಗ ಬೆಟ್ಟ ಸೊಂಟದವರೆಗೂ ಮೋಡ ಹೊದ್ದು ಕೂತಿತ್ತು. "ಅಯ್ಯೋ ಅಳಿಯಂದ್ರೇ, ನಾಳೆ ಆಗೋ ಹಾಗೆ ಕಾಣಲ್ಲ. ನನ್ನ ಹೊಟ್ಟೆ ಉರಿದು ಹೋಗ್ತಿದೆ" ಎಂದು ಬೆಲ್ಮಿರೊ ನಗುತ್ತ ಹೇಳಿದ. ದುವಾರ್ತೆಯೂ, "ಛೆ ಛೆ, ಎಂಥಾ ನಿರಾಸೆ ಮಾವ" ಎಂದು ಹಲ್ಲು ಬಿಟ್ಟ.

ಶನಿವಾರ ಬೆಳಿಗ್ಗೆ ನೋಡಿದರೆ ಆಕಾಶ ತೊಳೆದಿಟ್ಟ ತಟ್ಟೆ. ಬೆಟ್ಟ ಬುಡದಿಂದ ತುದಿಯವರೆಗೆ ನಾಚಿಕೆಯಿಲ್ಲದೆ ನಿಂತಿತ್ತು.

ಜುಲ್ಮಿರಾ, ಲೀಜಿಯಾ ಇಬ್ಬರೂ ಅವರನ್ನು ಕಾರಿನಲ್ಲಿ ದಾರಿ ಶುರುವಾಗುವ 'ಬೆಟ್ಟದ ಮನೆ'ಗೆ ಕರೆದೊಯ್ದರು. ಅಲ್ಲಿ ಹೆಸರು ಬರೆಸಿ, ಏಳು ಗಂಟೆಗೆ ಗಂಡಸರು ಹೊರಟರು. ಐದಕ್ಕೆ ಇಲ್ಲೇ ಸೇರುವುದೆಂದು ಮಾತಾಯಿತು. ಬೆನ್ನ ಮೇಲೆ ಹನ್ನೆರಡು ಮೊಟ್ಟೆ, ಸಾಸೇಜು, ಚೀಸು, ಮೆಕ್ಕೆಜೋಳದ ಬ್ರೆಡ್ಡು, ಒಂದು ಬಾಟಲಿ ವೈನು.

ಹತ್ತು ನಿಮಿಷಕ್ಕೆ ಬೆಲ್ಮಿರೊನ ಉಸಿರು ತುರುಹಟ್ಟಿಯ ಬಾಗಿಲಿನಂತೆ ಕಿರುಗುಟ್ಟಿತು. "ಮುಂದೆ ನೀವು ನಡೀರಿ ಅಳಿಯಂದ್ರೇ."

"ಛೆ, ದೊಡ್ಡೋರು ನೀವು ಮುಂದಿರ್ಬೇಕು ಮಾವ."

"ಅತಿಥಿ ಮೊದಲು."

"ಅನುಭವಸ್ಥರು ಮೊದಲು."

ಈ ಮರ್ಯಾದೆಯಲ್ಲಿ ಅರ್ಧ ಗಂಟೆ ಕಳೆದು ಇಬ್ಬರೂ ಮೊದಲನೆಯ ಗುಹೆಯವರೆಗೆ ತಲುಪಿದರು. ಅದರಾಚೆ ದಾರಿ ಕಪ್ಪು ಕಲ್ಲುಗಳ ಮೇಲೆ ನೆಟ್ಟಗೆ ಎದ್ದಿತ್ತು. ದುವಾರ್ತೆ ಒಮ್ಮೆ ಹಿಂತಿರುಗಿ ಕೆಳಗಿನ ಸಮುದ್ರ ನೋಡಿದ. ನೋಡಿದ್ದೇ ತಡ, ಒಂದು ಬಂಡೆಯನ್ನು ತಬ್ಬಿಕೊಂಡುಬಿಟ್ಟ.

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಲೀಜಿಯಾಗೆ ಹೇಳ್ಬೇಡಿ. ನಂಗೆ ಎತ್ತರ ಅಂದ್ರೆ ಆಗಲ್ಲ. ಮನೇಲಿ ಬಲ್ಬು ಹಾಕೋಕೂ ಪಕ್ಕದ ಮನೆ ಅಜ್ಜಿ ಬರ್ಬೇಕು."

"ಮತ್ತೆ ಯಾಕಯ್ಯಾ ಫೋನ್ ಮಾಡ್ದೆ?"

"ಬೆಟ್ಟ ಹತ್ತದವನಿಗೆ ನೀವು ಹೆಣ್ಣು ಕೊಡಲ್ಲ ಅಂತ ಯಾರೋ ಹೇಳಿದ್ರು."

ಬೆಲ್ಮಿರೊನ ಕಣ್ಣು ತುಂಬಿ ಬಂತು. ಮೂವತ್ತು ವರ್ಷದಲ್ಲಿ ಇಂಥ ಒಳ್ಳೆಯ ಮನುಷ್ಯನನ್ನು ಅವನು ಕಂಡಿರಲಿಲ್ಲ. "ಅಳಿಯಂದ್ರೇ," ಎಂದು ಪಕ್ಕದಲ್ಲಿ ಕುಸಿದು ಕೂತ, "ನಾನೂ ಇಲ್ಲೀವರೆಗೆ ಬಂದಿರೋದು ಇದೇ ಮೊದಲು."

ಆಮೇಲೆ ಮೊಟ್ಟೆ ಒಡೆದವು, ಬಾಟಲಿ ಬಿಚ್ಚಿಕೊಂಡಿತು. ತುದಿಯಲ್ಲಿ ಏನೇನು ನೋಡಿದೆವು ಎಂಬುದನ್ನು ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡರು. ವೈನು ಮುಗಿದಾಗ ಇಬ್ಬರೂ ಗುಹೆಯ ಬಾಯಲ್ಲಿ ಅಂಗಾತ ಬಿದ್ದು ಗೊರಕೆ ಹೊಡೆದರು.

ಎದ್ದಾಗ ಮೂರು ದಾಟಿತ್ತು. ಪ್ಯಾಂಟಿಗೆ ಚೆನ್ನಾಗಿ ಧೂಳು ಬಳಿದುಕೊಂಡು, ಕುಂಟುತ್ತ ಕೆಳಗಿಳಿದು ಬೆಟ್ಟದ ಮನೆಯಲ್ಲಿ ಕಾಫಿ ಹಿಡಿದು ಕುಳಿತರು. ಕಾರು ಹೊರಗೇ ಇತ್ತು, ಹೆಂಗಸರ ಸುಳಿವಿಲ್ಲ. ಅಲ್ಲೇ ಎಲ್ಲೋ ಹೂ ನೋಡುತ್ತಿರಬೇಕು ಎಂದುಕೊಂಡ ಬೆಲ್ಮಿರೊ.

ಐದಕ್ಕೆ ಬಾಗಿಲು ತೆರೆಯಿತು.

"ಬಂದ್ಯಾ ಜುಲ್ಮಿರಾ! ಏನ್ ಹೇಳ್ಲಿ ನಿಂಗೆ!" ಬೆಲ್ಮಿರೊ ಎದ್ದು ಕೈ ಬೀಸುತ್ತ ಶುರುಮಾಡಿದ. "ಆ ಗಾಳಿ, ಆ ತುದಿ! ಇವರಂತೂ ಜಿಂಕೆ ಹಾಗೆ ಹತ್ತಿದ್ರು. ಮೇಲೆ ಕಬ್ಬಿಣದ ಬೆಂಚ್ ಮೇಲೆ ಕೂತು ಐದು ದ್ವೀಪ ಎಣಿಸಿದ್ವಿ."

"ಆರು" ಎಂದ ದುವಾರ್ತೆ, ಒಪ್ಪಂದ ಮರೆತು.

"ಬೆಂಚಾ?" ಎಂದಳು ಜುಲ್ಮಿರಾ. "ನಾವು ಹೋದಾಗ ಯಾರೋ ಎತ್ಕೊಂಡು ಹೋಗಿದ್ರು ಅನ್ಸುತ್ತೆ."

ಆಗ ಬೆಲ್ಮಿರೊ ಅವಳನ್ನು ಸರಿಯಾಗಿ ನೋಡಿದ. ಮುಖ ಟೊಮೆಟೊ ಬಣ್ಣಕ್ಕೆ ತಿರುಗಿತ್ತು. ಶೂ ಧೂಳಿನಿಂದ ಬೂದಿ ಬಣ್ಣವಾಗಿತ್ತು. ಕೈಯಲ್ಲೊಂದು ಕೋಲು. ಹಿಂದೆ ನಿಂತ ಲೀಜಿಯಾ ನಗು ತಡೆಯಲಾರದೆ ಗೋಡೆ ಹಿಡಿದಿದ್ದಳು.

"ನಿಮ್ಮನ್ನ ಬಿಟ್ಟು, ಎಂಟು ಗಂಟೆಗೆ ನಾವೂ ಹೊರಟ್ವಿ" ಎಂದಳು ಜುಲ್ಮಿರಾ. "ಇಂಥಾ ದಿನ ಮತ್ತೆಲ್ಲಿ ಸಿಗುತ್ತೆ? ನೀವೇನೂ ಅಡ್ಡ ಬರ್ಲಿಲ್ಲ. ಒಳ್ಳೇ ನಿದ್ದೇಲಿದ್ರಿ. ಇಳಿಯುವಾಗ ನೋಡಿದ್ರೆ ನೀವಿಲ್ಲ, ಮೊಟ್ಟೆ ಸಿಪ್ಪೆ ಮಾತ್ರ ಇತ್ತು. ಎಲ್ಲಾ ಆಯ್ಕೊಂಡು ಬಂದಿದ್ದೀನಿ."

ಬೆಲ್ಮಿರೊ ಕುಳಿತ. ಕುರ್ಚಿ ಇದ್ದದ್ದು ಅದೃಷ್ಟ. ಮೂವತ್ತು ವರ್ಷದ ಆರೋಹಣಗಳು ಒಂದೊಂದಾಗಿ ತಲೆಯೊಳಗೆ ಉರುಳಿದವು. ಅವಳು ಮಾತ್ರ ಕೂಗಾಡಲಿಲ್ಲ. ಬದಲಿಗೆ ಪಕ್ಕಕ್ಕೆ ಸರಿದು, ಹಿಂದೆ ಬಂದ ದಪ್ಪ ಮನುಷ್ಯರೊಬ್ಬರಿಗೆ ದಾರಿ ಬಿಟ್ಟಳು. ಅವರು ಊರಿನ ವಾದ್ಯಮೇಳದ ಮುಖ್ಯಸ್ಥ ದಿಯೊದಾತು.

"ಇವರು ಮೇಲೆ ಸಿಕ್ಕಿದ್ರು ಕಣ್ರೀ. ಮುಂದಿನ ಶನಿವಾರ ಇಡೀ ಮೇಳಾನ ತುದಿಗೆ ಕರ್ಕೊಂಡು ಹೋಗಿ ನುಡಿಸ್ಬೇಕಂತೆ. ದಾರಿ ತೋರ್ಸೋರನ್ನ ಹುಡುಕ್ತಿದ್ರು. ನಾನಂದೆ, ಇಪ್ಪತ್ಮೂರು ಸಲ ಹತ್ತಿದೋರನ್ನ ಮನೇಲಿಟ್ಕೊಂಡು ಹೊರಗಿನವರು ಯಾಕೆ ಅಂತ. ನಿಮ್ಮ ಪರವಾಗಿ ಮಾತು ಕೊಟ್ಬಿಟ್ಟೆ." ಅವಳ ದನಿ ಜೇನಿನಷ್ಟು ಸಿಹಿಯಾಗಿತ್ತು.

ಬೆಲ್ಮಿರೊ ಅಳಿಯನ ಕಡೆ ನೋಡಿದ. ದುವಾರ್ತೆ ಕಾಫಿ ಲೋಟದೊಳಗೆ ಏನನ್ನೋ ಬಹಳ ಆಸಕ್ತಿಯಿಂದ ಹುಡುಕುತ್ತಿದ್ದ.

"ನಲವತ್ತೊಂದು ಜನ ಇದ್ದೀವಿ, ಎಲ್ಲರೂ ಗಟ್ಟಿಗರು" ಎಂದು ದಿಯೊದಾತು ಬೆಲ್ಮಿರೊನ ಕೈ ಹಿಡಿದು ಕುಲುಕಿದರು. "ದೊಡ್ಡ ಡೋಲು ಮಾತ್ರ ಸ್ವಲ್ಪ ಭಾರ. ಅದನ್ನ ಅನುಭವಸ್ಥರು ಹೊತ್ರೇನೇ ಒಳ್ಳೇದು ನೋಡಿ."