ಎರಡನೇ ಗೂಡು

ಭಾನುವಾರ ಬೆಳಿಗ್ಗೆ ತಕ್ಕಡಿ ಸಾರ್ ಮನೆಯ ಹಳೇ ಕಂಪ್ಯೂಟರು ಇದ್ದಕ್ಕಿದ್ದಂತೆ ಟಕಟಕ ಎನ್ನತೊಡಗಿತು. ಸಾರ್ ಎದೆಯೂ ಅದೇ ತಾಳಕ್ಕೆ ಹೊಡೆದುಕೊಂಡಿತು. ಆ ಕಂಪ್ಯೂಟರಿನಲ್ಲಿ ಹನ್ನೊಂದು ಸಾವಿರ ಫೋಟೋ ಇದ್ದವು. ತೀರಿಹೋಗಿ ಎಂಟು ತಿಂಗಳಾಗಿದ್ದ ಹೆಂಡತಿ ಇದ್ದದ್ದು ಅಲ್ಲಿ ಮಾತ್ರ.

ತಕ್ಕಡಿ ಸಾರ್ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಅಂಗಡಿಗಳ ತೂಕದ ಬಟ್ಟು ಸರಿಯಿದೆಯೇ ಎಂದು ನೋಡಿ ಮುದ್ರೆ ಒತ್ತುವ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಮನೆಯಲ್ಲೂ ಎಲ್ಲವನ್ನೂ ಅಳೆದೂ ಸುರಿದೂ ಮಾಡುತ್ತಿದ್ದವರಿಗೆ ಕಟ್ಟಡದವರು ಕೊಟ್ಟ ಬಿರುದು. ಫೋಟೋಗಳನ್ನು ಭದ್ರವಾಗಿಡಲು ಒಂದು ಡಬ್ಬಿ ಕೊಳ್ಳಬೇಕೆಂದು ಅವರು ಮೂರು ವರ್ಷದಿಂದ ಆರಿಸುತ್ತಿದ್ದರು. ಮನೆಯ ವೈಫೈಗೆ ಜೋಡಿಸುವ, ಒಳಗಿನ ಗೂಡುಗಳಲ್ಲಿ ಡಿಸ್ಕು ಕೂರಿಸುವ, ಟೀವಿಯಲ್ಲೂ ಫೋನಿನಲ್ಲೂ ಫೋಟೋ ತೋರಿಸುವ ಡಬ್ಬಿ. ಯಾವುದು ಎಷ್ಟು ಹಿಡಿಸುತ್ತದೆ, ಎಷ್ಟು ಗದ್ದಲ ಮಾಡುತ್ತದೆ ಎಂದು ಬರೆದೂ ಬರೆದೂ ಎರಡು ನೋಟ್‌ಬುಕ್ ತುಂಬಿದ್ದವು. ಹೆಂಡತಿ ಬದುಕಿದ್ದಾಗ, "ನನ್ನನ್ನ ಒಪ್ಪೋಕೆ ನಿಮಗೆ ಹತ್ತು ನಿಮಿಷ ಸಾಕಾಯ್ತು. ಈ ಡಬ್ಬಿಗೆ ಎರಡು ವರ್ಷ ಬೇಕಾ?" ಎಂದು ನಕ್ಕಿದ್ದಳು. ಡಬ್ಬಿ ಬರುವಷ್ಟರಲ್ಲಿ ಅವಳೇ ಹೋದಳು.

ಟಕಟಕ ಕೇಳಿ ಮೇಲ್ಮನೆಯ ನಿವೃತ್ತ ಇಂಜಿನಿಯರ್ ಇಳಿದು ಬಂದರು. ಅವರು ಕಟ್ಟಿಸಿದ್ದು ಸೇತುವೆಗಳು, ಆದರೆ ಸಲಹೆ ಕೊಡದ ವಸ್ತುವಿಲ್ಲ.

"ಡಿಸ್ಕ್ ಕೊನೇ ಉಸಿರು ಎಳೀತಿದೆ ಕಣ್ರೀ. ಇವತ್ತೇ ಡಬ್ಬಿ ತನ್ನಿ."

"ಯಾವುದು ತರೋದು? ಎರಡು ಗೂಡಿನದಾ, ನಾಲ್ಕು ಗೂಡಿನದಾ?"

"ಮನೆಗೆ ಬೆಂಕಿ ಬಿದ್ದಾಗ ಬಕೆಟ್ಟಿನ ಬಣ್ಣ ನೋಡ್ತಾರೇನ್ರೀ?" ಎಂದರು ಎದುರುಮನೆಯ ಟೈಲರಮ್ಮ. ಅವರು ಬಂದದ್ದು ಯಾವಾಗ ಎಂದು ಯಾರಿಗೂ ಗೊತ್ತಾಗಲಿಲ್ಲ. ಹೆಂಡತಿಯ ತಮ್ಮನಿಗೆ ಫೋನು ಹೋಯಿತು. ಅವನು ಬೈಕ್ ಹತ್ತಿ ಬಂದ. ನಾಲ್ವರೂ ಅಂಗಡಿಗೆ ನುಗ್ಗಿದ್ದನ್ನು ಕಂಡು ಅಂಗಡಿಯವನು ಜಗಳಕ್ಕೆ ಬಂದರೆಂದೇ ಎಣಿಸಿದ.

"ಎರಡು ಗೂಡಿನದು ತಗೊಳ್ಳಿ ಸಾರ್. ಎರಡರಲ್ಲೂ ಒಂದೇ ಥರ ಬರೆದಿಡುತ್ತೆ. ಒಂದು ಡಿಸ್ಕ್ ಸತ್ರೂ ಇನ್ನೊಂದು ಉಳಿಯುತ್ತೆ. ಆದ್ರೆ ಡಿಸ್ಕ್ ಮಾತ್ರ ಇವತ್ತು ಒಂದೇ ಇದೆ. ಇನ್ನೊಂದು ಬುಧವಾರ."

ಸಾರ್ ಬುಧವಾರ ಬರುತ್ತೇನೆ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಭಾವಮೈದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡಾಗಿತ್ತು.

ಮನೆಗೆ ಬಂದು ಕಂಪ್ಯೂಟರಿನ ಹೊಟ್ಟೆ ಬಿಚ್ಚಿದರೆ, ಸಡಿಲವಾದ ಒಂದು ವೈರು ಫ್ಯಾನಿನ ರೆಕ್ಕೆಗೆ ತಾಗುತ್ತಿತ್ತು. ಟಕಟಕ ಅದರದು. ಡಿಸ್ಕು ಗುಂಡುಕಲ್ಲಿನ ಹಾಗಿತ್ತು.

"ಬೀಸೋ ದೊಣ್ಣೆ ತಪ್ಪಿತು. ಸಾವಿರ ವರ್ಷ ಆಯಸ್ಸು!" ಎಂದರು ಇಂಜಿನಿಯರ್. ಎಂಟು ತಿಂಗಳಲ್ಲಿ ಮೊದಲ ಸಲ ಸಾರ್ ಮುಖದಲ್ಲಿ ನಗು ಮೂಡಿತು. ಎಲ್ಲರಿಗೂ ಕಾಫಿ ಮಾಡಿಕೊಟ್ಟರು.

ಕಾಫಿ ಹೀರುತ್ತ ಟೈಲರಮ್ಮ ಡಬ್ಬಿಯೊಳಗೆ ಇಣುಕಿದರು. "ಒಂದು ಗೂಡು ಖಾಲಿ ಇದೆಯಲ್ಲ? ಹಳೇ ಡಿಸ್ಕ್ ಗಟ್ಟಿಯಾಗಿದ್ರೆ ಅದನ್ನೇ ಕೂರಿಸಬಾರದಾ? ಬುಧವಾರದವರೆಗೆ ಯಾಕೆ ಕಾಯ್ಬೇಕು?"

ಇಂಜಿನಿಯರ್ ತಲೆದೂಗಿದರು. "ಸರಿಯಾಗಿ ಹೇಳಿದ್ರಿ. ಹಳೇದರಲ್ಲಿರೋದು ಹೊಸದಕ್ಕೆ ತಾನಾಗೇ ಹೋಗುತ್ತೆ. ನಕಲು ಮಾಡೋ ಕೆಲಸಾನೂ ಉಳೀತು."

ಎರಡು ಡಿಸ್ಕೂ ಗೂಡು ಸೇರಿದವು. ಭಾವಮೈದನ ಫೋನಿನಲ್ಲಿ ಡಬ್ಬಿ ಏನೋ ಕೇಳಿತು. ಇಂಗ್ಲಿಷು, ಸಣ್ಣ ಅಕ್ಷರ, ಮೂರು ಸಾಲು.

"ಕನ್ನಡಕ ತರ್ತೀನಿ, ತಾಳಿ. ಓದಿ ನೋಡೋಣ," ಎಂದರು ಸಾರ್.

"ಅಯ್ಯೋ, ಮತ್ತೆ ಶುರುವಾಯ್ತಾ ಮೀನಮೇಷ?" ಎಂದರು ಟೈಲರಮ್ಮ.

"ಎಲ್ಲ ಡಬ್ಬಿಗಳೂ ಹಿಂಗೇ ಏನಾದ್ರೂ ಕೇಳ್ತವೆ ಕಣ್ರೀ!" ಎಂದರು ಇಂಜಿನಿಯರ್.

"ಭಾವ, ಅಕ್ಕ ಇದ್ದಿದ್ರೆ ಒತ್ತು ಅಂತಿದ್ಲು."

ಆ ಕೊನೆಯ ಮಾತು ನಾಟಿತು. ನಿಜ, ಅಂತಿದ್ದಳು. ತಕ್ಕಡಿ ಸಾರ್ ಜೀವನದಲ್ಲಿ ಮೊದಲ ಬಾರಿಗೆ, ಅಳೆಯದೆ ಸುರಿಯದೆ, ಸರಿ ಎಂಬ ಗುಂಡಿಯನ್ನು ಒತ್ತಿಯೇಬಿಟ್ಟರು. ಹಸಿರು ದೀಪ ಹತ್ತಿತು. ಮೂವರೂ ಚಪ್ಪಾಳೆ ತಟ್ಟಿದರು.

ಟೀವಿ ಹಾಕಿದರು. ಫೋಟೋ ಇರಲಿಲ್ಲ. "ಹನ್ನೊಂದು ಸಾವಿರ ಅಲ್ವಾ, ಹೊತ್ತು ಹಿಡಿಯುತ್ತೆ," ಎಂದರು ಇಂಜಿನಿಯರ್. ಊಟ ಮುಗಿಸಿ ಬಂದರು. ಆಗಲೂ ಇರಲಿಲ್ಲ. ಸಂಜೆ ನಾಲ್ಕಕ್ಕೆ ಸಾರ್ ಅಂಗಡಿಗೆ ಫೋನು ಮಾಡಿದರು.

"ಫೋಟೋ ಇರೋ ಡಿಸ್ಕನ್ನೇ ಹಾಕಿದ್ರಾ?" ಅಂಗಡಿಯವನ ದನಿ ಇಳಿಯಿತು. "ಸಾರ್, ಡಬ್ಬಿ ಮೊದಲು ಎರಡನ್ನೂ ಒರೆಸಿ ಹಾಕುತ್ತೆ. ಆಮೇಲೇ ಬಳಕೆಗೆ. ಅಳಿಸಿಬಿಡಲಾ ಅಂತ ಕೇಳಿರ್ಬೇಕಲ್ಲ?"

"ಕೇಳಿತ್ತು."

"ಎಷ್ಟು ಹೊತ್ತಿಂದ ಓಡ್ತಿದೆ?"

"ಐದು ಗಂಟೆ."

"ಇನ್ನು ಆಗಲ್ಲ ಸಾರ್. ಐದು ಗಂಟೆಯಿಂದ ಹಳೇದರ ಮೇಲೆ ಹೊಸದಾಗಿ ಬರೀತಾನೇ ಇದೆ."

ಸಾರ್ ಫೋನು ಕೆಳಗಿಟ್ಟು ಗೋಡೆಗೊರಗಿ ಕೂತರು. ಇಂಜಿನಿಯರ್ ಚಾವಣಿಯಲ್ಲಿ ಏನೋ ಬಿರುಕು ಹುಡುಕತೊಡಗಿದರು. ಟೈಲರಮ್ಮನಿಗೆ ಅಳು ಒತ್ತರಿಸಿ ಬಂತು. ಮೂಗು ಒರೆಸಿಕೊಳ್ಳುತ್ತಿದ್ದವರು ತಟ್ಟನೆ ಎದ್ದರು.

"ಅಲ್ರೀ, ಪ್ರತಿ ಸಲ ಸುತ್ತಾಡಿ ಬಂದ ಮೇಲೆ ನಿಮ್ಮ ಮನೆಯವರು ಪೆನ್‌ಡ್ರೈವಲ್ಲಿ ನಮಗೆಲ್ಲ ಫೋಟೋ ಹಾಕಿಕೊಡ್ತಿದ್ರಲ್ಲ! ನನ್ನ ಹತ್ರ ಇವೆ!"

"ನನ್ನ ಹತ್ರಾನೂ ಇವೆ!" ಇಂಜಿನಿಯರ್ ಮೆಟ್ಟಿಲು ಹತ್ತಿದ ರಭಸಕ್ಕೆ ಅವರ ಮಂಡಿನೋವೂ ಬೆಚ್ಚಿತು. ಭಾವಮೈದ ಮನೆಗೆ ಬೈಕ್ ಓಡಿಸಿದ. ಒಂದು ಗಂಟೆಯಲ್ಲಿ ಪೆನ್‌ಡ್ರೈವು, ಸೀಡಿ, ಹಳೇ ಫೋನು ಎಲ್ಲವೂ ಬಂದವು. ಡಬ್ಬಿ ಆರುನೂರ ನಲವತ್ತಮೂರು ಫೋಟೋ ನುಂಗಿತು. ಸಾರ್ ಮುಖ ತೊಳೆದು, ತಲೆ ಬಾಚಿ, ಟೀವಿಯೆದುರು ಬಂದು ಕೂತರು.

ಮೊದಲ ಫೋಟೋ ಟೈಲರಮ್ಮನ ಮಗಳು, ಉಯ್ಯಾಲೆಯ ಮೇಲೆ. ಎರಡನೆಯದು ಇಂಜಿನಿಯರ್, ಸೇತುವೆಯ ಮುಂದೆ. ಮೂರು ಭಾವಮೈದ, ಬೈಕಿನ ಮೇಲೆ. ನಾಲ್ಕು ಇಂಜಿನಿಯರ್, ಇನ್ನೊಂದು ಸೇತುವೆಯ ಮುಂದೆ. ನೂರು ದಾಟಿತು, ಮುನ್ನೂರು ದಾಟಿತು. ಅವರವರು ಅವರವರನ್ನು ಮಾತ್ರ ಉಳಿಸಿಕೊಂಡಿದ್ದರು.

ಐನೂರ ಹತ್ತನೆಯದರಲ್ಲಿ ನಗುತ್ತಿರುವ ಟೈಲರಮ್ಮ, ಅವರ ಹೆಗಲ ಮೇಲೆ ನಾಲ್ಕು ಬೆರಳು.

"ನಿಲ್ಲಿಸಿ!" ಎಂದರು ಸಾರ್. "ಅದು ಅವಳ ಕೈ. ಉಳಿದದ್ದು ಎಲ್ಲಿ?"

"ಫ್ರೇಮ್ ಹಾಕಿಸುವಾಗ ಅಳತೆ ಸರಿ ಬರ್ಲಿಲ್ಲ," ಎಂದರು ಟೈಲರಮ್ಮ. "ಆ ಕಡೆ ಸ್ವಲ್ಪ ಕತ್ತರಿಸಿದೆ."

ಸಾರ್ ಭಾವಮೈದನ ಕಡೆ ತಿರುಗಿದರು. ಅವನು ನೆಲ ನೋಡುತ್ತಿದ್ದ. "ಫೋನಲ್ಲಿ ಜಾಗ ಇರ್ಲಿಲ್ಲ ಭಾವ. ಅಕ್ಕ ಇದ್ದೇ ಇರ್ತಾಳಲ್ಲ ಅಂತ... ಬೈಕ್ ಇರೋದು ಮಾತ್ರ ಇಟ್ಕೊಂಡೆ."

ತಕ್ಕಡಿ ಸಾರ್ ಅತ್ತರು. ಎಂಟು ತಿಂಗಳಿಂದ ಅಳದೇ ಉಳಿದಿದ್ದದ್ದೆಲ್ಲ ಸೇರಿಸಿ ಅತ್ತರು. ಬೈಯಲು ಅವರಿಗೆ ಯಾರೂ ಸಿಗಲಿಲ್ಲ, ಗುಂಡಿ ಒತ್ತಿದ್ದು ಅವರದೇ ಬೆರಳು.

ಹೊರಡುವಾಗ ಇಂಜಿನಿಯರ್ ಬಾಗಿಲಲ್ಲಿ ನಿಂತು, ಸಮಾಧಾನಕ್ಕೆ ಏನಾದರೂ ಹೇಳಲೇಬೇಕೆಂದು ಹೇಳಿದರು. "ಒಂದು ಒಳ್ಳೇದಾಯ್ತು ನೋಡಿ. ನಮ್ಮ ಫೋಟೋಗಳೆಲ್ಲ ಇನ್ನು ಮೇಲೆ ಎರಡೆರಡು ಕಡೆ ಭದ್ರ."